ಕಿವಿ ಕೇಳಿದ್ದು, ಕಂಪ್ಯೂಟರ್ ಬರೆದದ್ದು

ನವೆಂಬರ್ ತಿಂಗಳ ಕೊನೆಯ ವಾರಾಂತ್ಯ ಬಂತೆಂದರೆ ಜಗತ್ತಿನ ಹವ್ಯಾಸಿ ರೇಡಿಯೊದವರಿಗೆ, ಅಂದರೆ ಹ್ಯಾಮ್‌ಗಳಿಗೆ, ನಿದ್ದೆ ದೂರ. ಸಿಕ್ಯು ವರ್ಲ್ಡ್ ವೈಡ್ ಸ್ಪರ್ಧೆಯ ಮೋರ್ಸ್ ಸುತ್ತು ಆಗಲೇ ನಡೆಯುವುದು. ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ 5.30ಕ್ಕೆ ಶುರುವಾಗಿ ಸೋಮವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಆ 48 ಗಂಟೆಗಳಲ್ಲಿ ಆದಷ್ಟು ಹೆಚ್ಚು ದೇಶಗಳ, ಹೆಚ್ಚು ವಲಯಗಳ ಸ್ಟೇಷನ್‌ಗಳನ್ನು ಹಿಡಿಯಬೇಕು. ಮಾತು ಬಹಳ ಚುಟುಕು: ನಿಮ್ಮ ಕಾಲ್‌ಸೈನ್, ನನ್ನ ಕಾಲ್‌ಸೈನ್, 599 ಎಂಬ ಸಿಗ್ನಲ್ ವರದಿ, ವಲಯದ ಸಂಖ್ಯೆ. ಭಾರತದ ಬಹುಭಾಗ 22ನೇ ವಲಯ, ಅಂಡಮಾನ್ ಮಾತ್ರ 26. ಇಷ್ಟನ್ನು ಸರಿಯಾಗಿ ಕೇಳಿಸಿಕೊಂಡು, ಬರೆದುಕೊಂಡು, ಮುಂದಿನವರನ್ನು ಹುಡುಕಬೇಕು.

ಆ ಬರೆಯುವ ಕೆಲಸ ಈಗ ಲಾಗಿಂಗ್ ಸಾಫ್ಟ್‌ವೇರ್‌ನದು. ಅದು ಬರೆಯುವುದರ ಜೊತೆಗೆ ಇನ್ನೂ ಎಷ್ಟೋ ಮಾಡುತ್ತದೆ. ಯಾವುದನ್ನು ಅದರ ಕೈಗೆ ಬಿಡಬಹುದು, ಯಾವುದನ್ನು ಬಿಡಬಾರದು ಎಂದು ಹ್ಯಾಮ್‌ಗಳು ಸೇರಿದಲ್ಲೆಲ್ಲ ವಾದ ಏಳುತ್ತದೆ. ಇದು ಹವ್ಯಾಸದ ಸಣ್ಣ ತಕರಾರು ಎಂದು ನನಗೆ ಅನ್ನಿಸುವುದಿಲ್ಲ. ಯಾರೋ ಕೇಳಿದ್ದಕ್ಕೆ ಸಾಕ್ಷಿಯಾಗಿ ಇಟ್ಟ ದಾಖಲೆಯಲ್ಲಿ ಕೇಳಿದವರ ಪಾಲು ಎಷ್ಟಿರಬೇಕು ಎಂಬ ಪ್ರಶ್ನೆ ಅದರೊಳಗಿದೆ.

ಇಲ್ಲಿ ಮಾತಾಡುವವರಲ್ಲಿ ಒಬ್ಬರು ಮೈಸೂರಿನ ನಿವೃತ್ತ ಭೌತಶಾಸ್ತ್ರ ಮೇಷ್ಟ್ರು. ಇನ್ನೊಬ್ಬಳು ಅವರ ಹತ್ತಿರ ಮೋರ್ಸ್ ಕಲಿತ ಎಂಜಿನಿಯರ್ ಹುಡುಗಿ. ಸ್ಪರ್ಧೆಯ ಹಿಂದಿನ ಸಂಜೆ, ಅವಳ ಮನೆಯ ಟೆರೇಸಿನ ಕೋಣೆ. 100 ವ್ಯಾಟ್‌ನ ರಿಗ್, ನೀರಿನ ಟ್ಯಾಂಕಿನಿಂದ ತೆಂಗಿನ ಮರಕ್ಕೆ ಎಳೆದ ತಂತಿ ಆಂಟೆನಾ, ಒಂದು ಲ್ಯಾಪ್‌ಟಾಪ್.

ಮೇಷ್ಟ್ರು: ಪರದೆ ತುಂಬ ವಿಂಡೋ ತೆರೆದಿಟ್ಟಿದ್ದೀಯಲ್ಲಮ್ಮ. ಯಾವ್ಯಾವುದು ಏನೇನು ಮಾಡುತ್ತೆ ಹೇಳು.

ಹುಡುಗಿ: ಇದು ಎನ್1ಎಂಎಂ ಲಾಗರ್ ಪ್ಲಸ್ ಸರ್. ಶುರುಮಾಡಿದವರ ಕಾಲ್‌ಸೈನೇ ಅದರ ಹೆಸರು, ಎಲ್ಲರಿಗೂ ಪುಕ್ಕಟೆ. ಈ ಚಿಕ್ಕ ಪೆಟ್ಟಿಗೆಯಲ್ಲಿ ಕೇಳಿದ ಕಾಲ್‌ಸೈನ್ ಟೈಪ್ ಮಾಡಿ ಎಂಟರ್ ಒತ್ತಿದರೆ ನನ್ನ 599 ಮತ್ತು 22 ಮೋರ್ಸ್‌ನಲ್ಲಿ ತಾನೇ ಹೋಗುತ್ತೆ. ಅವರು ವಲಯ ಕೊಟ್ಟ ಮೇಲೆ ಇನ್ನೊಂದು ಎಂಟರ್. ಥ್ಯಾಂಕ್ಸ್ ಹೋಗುತ್ತೆ, ಲಾಗ್ ಸೇರುತ್ತೆ. ಟೈಮ್ ಲ್ಯಾಪ್‌ಟಾಪಿನದು, ಬ್ಯಾಂಡು, ಫ್ರೀಕ್ವೆನ್ಸಿ ಎರಡೂ ರಿಗ್‌ನಿಂದ ಬರುತ್ತೆ.

ಮೇಷ್ಟ್ರು: ಹಾಗಾದರೆ ಆ ಪ್ಯಾಡಲ್ ಯಾಕೆ?

ಹುಡುಗಿ: ಅವರು ಬೇರೆ ಏನಾದರೂ ಕೇಳಿದರೆ ಕೈಯಿಂದಲೇ ಕಳಿಸಬೇಕಲ್ಲ. ಕೇಳೋದಂತೂ ಪೂರ್ತಿ ನನ್ನ ಕಿವಿಯದೇ. ಡಿಕೋಡರ್ ಹಾಕಿಲ್ಲ.

ಮೇಷ್ಟ್ರು: ಅದನ್ನ ಕೇಳಿ ಸಂತೋಷವಾಯ್ತು. ನಾವು ಮೂರು ಥರದ ಕಾಗದ ಇಟ್ಟುಕೊಂಡು ಕೂರ್ತಿದ್ದೆವು. ಒಂದರಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ಪೆನ್ಸಿಲ್‌ನಲ್ಲಿ ಗೀಚೋದು. ಇನ್ನೊಂದು ಲಾಗ್ ಶೀಟು. ಮೂರನೇದು ಡ್ಯೂಪ್ ಶೀಟು: ಬ್ಯಾಂಡಿಗೊಂದು ಡ್ರಾಯಿಂಗ್ ಹಾಳೆ, ಅದರ ತುಂಬ ಸ್ಕೇಲಿಟ್ಟು ಎಳೆದ ಚೌಕ. ಕೂಗ್ತಿರೋನ ಜೊತೆ ಇದೇ ಬ್ಯಾಂಡಿನಲ್ಲಿ ಆಗಲೇ ಮಾತಾಡಿಬಿಟ್ಟಿದ್ದೀನಾ ಅಂತ ಆ ಚೌಕಗಳಲ್ಲಿ ಬೆರಳಾಡಿಸಿ ನೋಡಬೇಕು. ಅಷ್ಟರಲ್ಲಿ ಅವನು ಬೇರೆಯವರ ಕೈಗೆ ಹೋಗಿರ್ತಿದ್ದ.

ಹುಡುಗಿ: ಅದು ಹೋಗಿದ್ದಕ್ಕೆ ಬೇಜಾರಿದೆಯಾ ಸರ್?

ಮೇಷ್ಟ್ರು: ಖಂಡಿತ ಇಲ್ಲ. 1980ರ ದಶಕದಲ್ಲಿ ಅಮೆರಿಕದಿಂದ ಸಿಟಿ ಅನ್ನೋ ಡಾಸ್ ಪ್ರೋಗ್ರಾಂ ಬಂದಾಗ ಬಹಳ ಜನ ನಿಟ್ಟುಸಿರು ಬಿಟ್ಟಿದ್ದು ಆ ಡ್ಯೂಪ್ ಶೀಟಿನ ಕಾಟ ತಪ್ಪಿತು ಅಂತಲೇ. ನೆನಪಿಟ್ಟುಕೊಳ್ಳೋದು, ಕೂಡೋದು, ಗುಣಿಸೋದು, ಕೊನೆಗೆ ಶುದ್ಧಪ್ರತಿ ಮಾಡೋದು, ಇದನ್ನೆಲ್ಲ ಯಂತ್ರ ಮಾಡಲಿ. ಅದಕ್ಕೆ ನನ್ನ ತಕರಾರಿಲ್ಲ.

ಹುಡುಗಿ: ಗುಣಿಸೋದು ಅಂದಿರಲ್ಲ, ಅದನ್ನೇ ತಗೊಳ್ಳಿ. ಬೇರೆ ಖಂಡದವರು ಸಿಕ್ಕರೆ 3 ಅಂಕ, ಏಷ್ಯಾದೊಳಗೇ ಬೇರೆ ದೇಶದವರಾದರೆ 1, ನಮ್ಮ ದೇಶದವರಾದರೆ ಸೊನ್ನೆ. ಆ ಒಟ್ಟನ್ನ ಪ್ರತಿ ಬ್ಯಾಂಡಿನಲ್ಲಿ ಸಿಕ್ಕ ದೇಶ, ವಲಯಗಳ ಒಟ್ಟಿನಿಂದ ಗುಣಿಸಬೇಕು. ನನ್ನ ಹತ್ತಿರ 800 ಅಂಕ, 120 ಗುಣಕ ಇದೆ ಅಂತಿಟ್ಟುಕೊಳ್ಳಿ, ಅಂದರೆ 96,000. ಈಗ ಯುರೋಪಿನ ಇಬ್ಬರು ಕೇಳ್ತಿದ್ದಾರೆ. ಒಬ್ಬರದು ಆಗಲೇ ಸಿಕ್ಕಿರೋ ದೇಶ, ಅವರಿಂದ 360 ಏರುತ್ತೆ. ಇನ್ನೊಬ್ಬರದು ಹೊಸ ದೇಶ, ಅವರಿಂದ 1,163. ಕಾಲ್‌ಸೈನ್ ಟೈಪ್ ಮಾಡಿದ ತಕ್ಷಣ ಬಣ್ಣ ಬದಲಾಗಿ ಗೊತ್ತಾಗಿಬಿಡುತ್ತೆ. ನೀವು ಇದನ್ನ ತಲೆಯಲ್ಲೇ ಇಟ್ಟುಕೊಂಡಿರಬೇಕಿತ್ತು. ನನ್ನ ತಲೆಗೆ ಆ ಭಾರ ಇಲ್ಲದ್ದರಿಂದ ಅಷ್ಟೂ ಗಮನ ಕಿವಿಗೆ ಸಿಗುತ್ತೆ.

ಮೇಷ್ಟ್ರು: ಒಪ್ಪಿದೆ. ಈಗ ಆ ಮೂಲೆಯಲ್ಲಿರೋ ವಿಂಡೋ ಏನು? ನೀನು ಮೂರು ಅಕ್ಷರ ಹೊಡೀತಿದ್ದ ಹಾಗೆ ಹತ್ತಾರು ಕಾಲ್‌ಸೈನ್ ಬಂದು ಕೂತವು.

ಹುಡುಗಿ: ಸೂಪರ್ ಚೆಕ್ ಪಾರ್ಷಿಯಲ್. ಹಿಂದಿನ ಸ್ಪರ್ಧೆಗಳಿಗೆ ಜನ ಕಳಿಸಿದ ಲಾಗ್‌ಗಳಿಂದ ತಯಾರಾದ ಪಟ್ಟಿ. ಸದ್ದಿನಲ್ಲಿ ಅರ್ಧ ಕೇಳಿಸಿದ ಕಾಲ್‌ಸೈನ್ ಟೈಪ್ ಮಾಡಿದರೆ, ಆ ಅಕ್ಷರಗಳಿರೋ ಗೊತ್ತಿರೋ ಕಾಲ್‌ಸೈನ್‌ಗಳನ್ನ ತೋರಿಸುತ್ತೆ.

ಮೇಷ್ಟ್ರು: ನನ್ನ ಜಗಳ ಅದರ ಜೊತೆ. ಮಕ್ಕಳಿಗೆ ಉಕ್ತಲೇಖನ ಕೊಡುವಾಗ ಪಕ್ಕದಲ್ಲೇ ಪುಸ್ತಕ ತೆರೆದಿಟ್ಟ ಹಾಗಾಯ್ತು. ಆ ಮಗು ನಾನು ಹೇಳಿದ್ದನ್ನ ಬರೀತಾ, ಪುಸ್ತಕದಲ್ಲಿ ಇದ್ದದ್ದನ್ನ ಬರೀತಾ? ಬರೆದ ಹಾಳೆ ನೋಡಿದರೆ ಗೊತ್ತಾಗೋದೇ ಇಲ್ಲ.

ಹುಡುಗಿ: ಉಕ್ತಲೇಖನದಲ್ಲಿ ಯಾರೂ ನಡುನಡುವೆ ಗದ್ದಲ ಮಾಡಲ್ಲ ಸರ್. ಇಲ್ಲಿ ಒಂದೇ ಕಡೆ ಹತ್ತು ಜನ ಒಟ್ಟಿಗೆ ಕೂಗ್ತಾರೆ, ಸಿಗ್ನಲ್ ಏರಿಳಿಯುತ್ತೆ, ಕೆಳಗಿನ ಮನೆಯ ಎಲ್‌ಇಡಿ ಬಲ್ಬು ಬೇರೆ ಗರ್ ಅನ್ನುತ್ತೆ. ಪಟ್ಟಿ ಉತ್ತರ ಹೇಳಿಕೊಡಲ್ಲ. ‘ನೀನು ಕೇಳಿದ್ದು ಇವುಗಳಲ್ಲಿ ಯಾವುದಾದರೂ ಇರಬಹುದಾ, ಇನ್ನೊಂದು ಸಲ ಕೇಳು’ ಅನ್ನುತ್ತೆ.

ಮೇಷ್ಟ್ರು: ಹಾಗೆ ಕೇಳೋ ಶಿಸ್ತು ಇದ್ದರೆ ಸರಿ. ರಾತ್ರಿ ಮೂರು ಗಂಟೆಗೆ ಆ ಶಿಸ್ತು ಇರುತ್ತಾ? ಪರದೆ ಒಂದು ಹೆಸರು ತೋರಿಸಿದ ಮೇಲೆ ಕಿವಿಗೆ ಅದೇ ಕೇಳಿಸೋಕೆ ಶುರುವಾಗುತ್ತೆ. ಹೋದ ಸ್ಪರ್ಧೆಯಲ್ಲಿ ನಿನಗೇ ಆದದ್ದು ಹೇಳು.

ಹುಡುಗಿ: ಯುರೋಪಿನ ಒಬ್ಬರು ನನ್ನನ್ನ ವಿಯು ಅನ್ನೋ ಬದಲು 4ಯು ಅಂತ ವಾಪಸ್ ಕರೆದರು.

ಮೇಷ್ಟ್ರು: ಮೋರ್ಸ್‌ನಲ್ಲಿ ವಿ ಅಂದರೆ ಮೂರು ಚುಕ್ಕೆ, ಒಂದು ಗೆರೆ. ನಾಲ್ಕು ಅಂದರೆ ನಾಲ್ಕು ಚುಕ್ಕೆ, ಒಂದು ಗೆರೆ. ಸದ್ದಿನ ನಡುವೆ ಪಟ್ ಅಂತ ಒಂದು ಚುಕ್ಕೆ ಹೆಚ್ಚಾದರೆ ಭಾರತ ಹೋಗಿ ವಿಶ್ವಸಂಸ್ಥೆ ಬಂತು. 4ಯು ಅವರ ಪ್ರಿಫಿಕ್ಸ್, ಜಿನೀವಾದಲ್ಲಿ, ನ್ಯೂಯಾರ್ಕಿನಲ್ಲಿ ಸ್ಟೇಷನ್ ಇದೆ. ಸರಿ, ನೀನು ತಿದ್ದಿ ಕಳಿಸಿದೆ. ಅವರು ಮತ್ತೆ ಕೇಳಿದರು, ಮತ್ತೆ ಕೇಳಿದರು. ಯಾಕೆ ಅಷ್ಟು ಅನುಮಾನ? ನಿನಗೆ ಲೈಸೆನ್ಸ್ ಬಂದು ಇನ್ನೂ ವರ್ಷ ತುಂಬಿಲ್ಲ. ಅವರ ಪಟ್ಟಿಯಲ್ಲಿ ನೀನು ಇರಲೇ ಇಲ್ಲ. ಹಳಬರಾಗಿದ್ದರೆ ಅರ್ಧ ಕೇಳಿದರೂ ಪೂರ್ತಿ ಬರೆದುಕೊಳ್ತಿದ್ದರು. ಹೊಸಬರು ಗಂಟಲು ಹರಿದುಕೊಂಡರೂ ನಂಬಿಸಬೇಕು.

ಹುಡುಗಿ: ಅದು ನಿಜ. ಆದರೆ ಪಟ್ಟಿಯಲ್ಲಿ ಇಲ್ಲದ್ದರಿಂದಲೇ ಅವರು ಮತ್ತೆ ಮತ್ತೆ ಕೇಳಿದರಲ್ಲ ಸರ್? ಪಟ್ಟಿ ಇಲ್ಲದಿದ್ದರೆ 4ಯು ಅಂತಲೇ ಬರೆದು ಮುಂದೆ ಹೋಗಿಬಿಡ್ತಿದ್ದರೋ ಏನೋ. ಆಗ ಅವರ ಲಾಗಿನಲ್ಲಿ ನನ್ನ ಕಾಲ್‌ಸೈನೇ ಇರ್ತಿರಲಿಲ್ಲ.

ಈ ಜಾಗದಲ್ಲಿ ನನಗೆ ಇಬ್ಬರ ಮಾತೂ ಗಟ್ಟಿಯಾಗಿ ಕಾಣುತ್ತದೆ. ಒಂದೇ ಪಟ್ಟಿ ಹೊಸಬಳ ಮೇಲೆ ಅನುಮಾನವನ್ನೂ ಹುಟ್ಟಿಸಿತು, ತಪ್ಪನ್ನೂ ತಡೆಯಿತು. ತಪ್ಪಿಗೆ ದಂಡ ಸಣ್ಣದಲ್ಲ. ಸ್ಪರ್ಧೆ ಮುಗಿದ 5 ದಿನದೊಳಗೆ ಲಾಗ್ ಕಳಿಸಬೇಕು. ಎಲ್ಲರ ಲಾಗ್‌ಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡುತ್ತಾರೆ. ಕಾಲ್‌ಸೈನ್ ತಪ್ಪಿದ್ದರೆ ಆ ಸಂಪರ್ಕದ ಅಂಕ ಹೋಗಿ, ಮೇಲೆ ಅದರ ಎರಡರಷ್ಟು ಕಳೆಯುತ್ತಾರೆ. 3 ಅಂಕದ ಸಂಪರ್ಕ ತಪ್ಪಾದರೆ ಒಟ್ಟು ನಷ್ಟ 9. ಸ್ಪರ್ಧೆ ಮುಗಿದ ಮೇಲೆ ರೆಕಾರ್ಡಿಂಗ್ ಕೇಳಿಯೋ ಯಾವುದೋ ಪಟ್ಟಿ ನೋಡಿಯೋ ಲಾಗ್ ತಿದ್ದುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಮೇಷ್ಟ್ರು ಅದನ್ನೇ ಹಿಡಿದುಕೊಂಡರು.

ಮೇಷ್ಟ್ರು: ಆಮೇಲೆ ಪಟ್ಟಿ ನೋಡಿ ತಿದ್ದಿದರೆ ಮೋಸ ಅಂತಾರೆ. ಕೇಳ್ತಾ ಇರುವಾಗಲೇ ಪಟ್ಟಿ ನೋಡಿ ಬರೆದರೆ ಸರಿ ಅಂತಾರೆ. ನಡುವೆ ಇರೋದು ಎರಡು ಸೆಕೆಂಡು.

ಹುಡುಗಿ: ಆ ಎರಡು ಸೆಕೆಂಡಿನಲ್ಲೇ ಎಲ್ಲ ಇರೋದು. ಆಗ ಎದುರಿನವರು ಇನ್ನೂ ಗಾಳಿಯಲ್ಲಿದ್ದಾರೆ. ಅನುಮಾನ ಬಂದರೆ ಕೇಳಬಹುದು, ಅವರು ಇಲ್ಲ ಅನ್ನಬಹುದು. ಆಮೇಲೆ ಇಲ್ಲ ಅನ್ನೋಕೆ ಯಾರೂ ಇರಲ್ಲ.

ಮೇಷ್ಟ್ರು: ಕೇಳದೇ ಹೋದರೆ? ವಲಯದ ಪೆಟ್ಟಿಗೆ ನೋಡು. ಡಬ್ಲ್ಯು1 ಅಂತ ಹೊಡೆದ ಕೂಡಲೇ ಅದು 5 ಅಂತ ತಾನೇ ತುಂಬಿಕೊಂಡಿತು. ಆತ ನಿವೃತ್ತನಾಗಿ ಕ್ಯಾಲಿಫೋರ್ನಿಯಾಗೆ ಹೋಗಿರಬಹುದು, ಅಮೆರಿಕದಲ್ಲಿ ಊರು ಬದಲಾದರೂ ಕಾಲ್‌ಸೈನ್ ಬದಲಾಯಿಸಬೇಕಾಗಿಲ್ಲ. ಆತ ಕಳಿಸೋದು 3. ನೀನು ಒತ್ತೋದು ಎಂಟರ್. ಲಾಗಿನಲ್ಲಿ ಉಳಿಯೋದು 5. ನಿನ್ನ ಲಾಗು ನೀನು ಕೇಳದೇ ಇದ್ದದ್ದನ್ನ ಕೇಳಿದೆ ಅನ್ನುತ್ತಲ್ಲಮ್ಮ.

ಹುಡುಗಿ: ಅದನ್ನ ನಾನು ಒಪ್ತೀನಿ. ಅದರ ಬೆಲೆಯೂ ತೆರ್ತಾರೆ, ವಲಯ ತಪ್ಪಿದರೆ ಆ ಸಂಪರ್ಕ ಹೋಯ್ತು. ಬೇಕಿದ್ದರೆ ಈಗಲೇ ಅದು ತಾನಾಗಿ ತುಂಬೋದನ್ನ ನಿಲ್ಲಿಸ್ತೀನಿ. ಆದರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ. ನೀವು ಕೇಳುವಾಗ ಪಟ್ಟಿ ಇಲ್ಲದೆ ಕೇಳ್ತೀರಾ?

ಮೇಷ್ಟ್ರು: ಅಂದರೆ?

ಹುಡುಗಿ: ದಶಕಗಳಿಂದ ಅವೇ ಸ್ಟೇಷನ್‌ಗಳನ್ನ ಕೇಳಿದ್ದೀರಿ. ಮೊದಲ ಎರಡು ಅಕ್ಷರ ಬರ್ತಿದ್ದ ಹಾಗೆ ಇದು ಇಂಥವರೇ ಅಂತ ನಿಮಗೆ ಗೊತ್ತಾಗಿಬಿಡುತ್ತೆ. ಅವರ ಕೀ ಹೊಡೆಯೋ ಲಯವೂ ಗೊತ್ತು. ಸೂಪರ್ ಚೆಕ್ ಪಾರ್ಷಿಯಲ್ ನಿಮ್ಮ ತಲೆಯೊಳಗೇ ಇದೆ ಸರ್. ನನಗೆ ಅದು ಇಲ್ಲ. ಈ ಒಂದು ಚಿಕ್ಕ ಫೈಲು ಸಿಕ್ಕಿದ್ದರಿಂದ ನಾನೂ ನಿಮ್ಮ ಪಕ್ಕದಲ್ಲಿ ಕೂರಬಹುದಾಯಿತು. ಅದನ್ನ ತೆಗೀರಿ ಅಂದರೆ ಹಳಬರಿಗೆ ಮಾತ್ರ ಆಟ ಅಂದಂತಾಗುತ್ತೆ.

ಮೇಷ್ಟ್ರು: (ಸ್ವಲ್ಪ ಹೊತ್ತು ಬಿಟ್ಟು) ಈ ವಾದವನ್ನ ನಾನು ಇದುವರೆಗೆ ಕೇಳಿರಲಿಲ್ಲ. ಆದರೂ ಒಂದು ವ್ಯತ್ಯಾಸ ಇದೆ. ನನ್ನ ತಲೆಯ ಪಟ್ಟಿ ಕೇಳಿ ಕೇಳಿ ಆದದ್ದು. ಪ್ರತಿ ಹೆಸರಿನ ಹಿಂದೆ ಒಂದು ರಾತ್ರಿಯ ಕೇಳ್ಮೆ ಇದೆ. ನಿನ್ನ ಫೈಲಿನಲ್ಲಿರೋ ಹೆಸರುಗಳನ್ನ ನೀನು ಕೇಳಿಲ್ಲ. ಪಟ್ಟಿ ಮೊದಲೇ ಸಿಕ್ಕಿಬಿಟ್ಟರೆ ನಿನ್ನ ತಲೆಯೊಳಗೆ ಇನ್ನೊಂದು ಪಟ್ಟಿ ಬೆಳೆಯೋದೇ ಬೇಕಾಗಲ್ಲ. ನಿನ್ನ ಅಂಕ ಈ ವರ್ಷವೇ ಏರುತ್ತೆ, ಕಿವಿ ಮಾತ್ರ ಐದು ವರ್ಷದ ನಂತರವೂ ಈಗ ಇದ್ದಲ್ಲೇ ಇರುತ್ತೆ. ನನ್ನ ಭಯ ಅದು.

ಹುಡುಗಿ: ನಿಮಿಷಕ್ಕೆ ಏಳು ಪದ ಕೇಳೋಕೆ ಒದ್ದಾಡ್ತಿದ್ದವಳು ಈಗ ಸ್ಪರ್ಧೆಯ ವೇಗಕ್ಕೆ ಬಂದಿದ್ದು ಈ ಸಾಫ್ಟ್‌ವೇರ್ ಇಟ್ಟುಕೊಂಡು ಗಾಳಿಯಲ್ಲಿ ಗಂಟೆಗಟ್ಟಲೆ ಕೂತಿದ್ದರಿಂದ. ಕಾಗದವೇ ಗತಿ ಅಂದಿದ್ದರೆ ಎರಡನೇ ಗಂಟೆಗೇ ಎದ್ದು ಹೋಗ್ತಿದ್ದೆ. ನಿಮ್ಮ ಆ ಸ್ನೇಹಿತರನ್ನ ನೆನಪಿಸಿಕೊಳ್ಳಿ, ಕಣ್ಣು ಕಾಣದವರು. ಊರಲ್ಲೇ ಅವರಂಥ ಕಿವಿ ಇಲ್ಲ ಅಂತಿದ್ದಿರಿ. ಅವರ ಲಾಗ್ ಬರೀತಿದ್ದದ್ದು ಯಾರು?

ಮೇಷ್ಟ್ರು: ಪಕ್ಕದಲ್ಲಿ ಯಾರಾದರೂ ಕೂತಿರಬೇಕಿತ್ತು. ನಾನೇ ಎಷ್ಟೋ ಸಲ ಕೂತಿದ್ದೀನಿ. ಅವರು ಕೇಳಿ ಹೇಳಿದ ವೇಗಕ್ಕೆ ನನ್ನ ಕೈ ಓಡ್ತಿರಲಿಲ್ಲ. ಈಗ ಸ್ಕ್ರೀನ್ ರೀಡರ್ ಹಾಕಿಕೊಂಡು ಒಬ್ಬರೇ ಮಾಡ್ತಾರೆ. ಅದಕ್ಕೆ ನಾನು ಈ ಯಂತ್ರಗಳಿಗೆ ಕೈ ಮುಗೀತೀನಿ, ಅದರಲ್ಲಿ ಎರಡು ಮಾತಿಲ್ಲ.

ಹುಡುಗಿ: ಮತ್ತೆ?

ಮೇಷ್ಟ್ರು: ಮತ್ತೆ ಏನು, ಅವರ ಸ್ಕ್ರೀನ್ ರೀಡರ್ ಅವರು ಬರೆದದ್ದನ್ನ ಓದಿ ಹೇಳುತ್ತೆ, ಕೇಳಿಸಿಕೊಳ್ಳೋದನ್ನ ಅವರಿಗೇ ಬಿಡುತ್ತೆ. ಯಂತ್ರ ಬರೆಯೋದಕ್ಕೂ ಯಂತ್ರ ಕೇಳೋದಕ್ಕೂ ನಡುವೆ ಗೆರೆ ಎಳೀತಿದ್ದೀನಿ ನಾನು.

ಹುಡುಗಿ: ಹಾಗಾದರೆ ಎಫ್‌ಟಿ8? ಅಲ್ಲಿ ಕೇಳೋದು ಪೂರ್ತಿ ಯಂತ್ರವೇ. ನೀವೂ ರಾತ್ರಿ ಅದರಲ್ಲಿ ಇರ್ತೀರಿ, ನನ್ನ ಪರದೆಯಲ್ಲಿ ನಿಮ್ಮ ಕಾಲ್‌ಸೈನ್ ಬರ್ತಾನೇ ಇರುತ್ತೆ.

ಮೇಷ್ಟ್ರು: ಇರ್ತೀನಿ, ಸಂತೋಷವಾಗಿ ಇರ್ತೀನಿ. ಜೋ ಟೇಲರ್ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದವರು, 1993ರಲ್ಲಿ. ಅವರೂ ಸ್ಟೀವ್ ಫ್ರಾಂಕೆ ಅವರೂ ಸೇರಿ 2017ರಲ್ಲಿ ಕೊಟ್ಟದ್ದು ಅದು. 15 ಸೆಕೆಂಡಿಗೊಮ್ಮೆ ಸರದಿ. ಕಿವಿಗೆ ಬರೀ ಸದ್ದಾಗಿ ಕೇಳೋದರೊಳಗಿಂದ ಗಣಿತ ಹೆಸರು ಹೆಕ್ಕಿ ತೆಗೆಯುತ್ತೆ. ಅದು ನನಗೆ ಈಗಲೂ ಪವಾಡವೇ. ಆದರೆ ಅಲ್ಲಿ ಯಂತ್ರ ಕೇಳಿತು ಅಂತ ಎಲ್ಲರಿಗೂ ಗೊತ್ತು. ಮೋರ್ಸ್ ಲಾಗಿನಲ್ಲಿ ಮನುಷ್ಯ ಕೇಳಿದ ಅಂತ ನಂಬಿಕೆ. ಯಾವುದೇ ಆಗಲಿ, ಹೇಳಿದ್ದೂ ನಡೆದದ್ದೂ ಒಂದೇ ಇರಬೇಕು.

ಹುಡುಗಿ: ನಿಯಮ ಅದಕ್ಕೇ ವರ್ಗ ಮಾಡಿದೆಯಲ್ಲ. ಯಾರು ಎಲ್ಲಿದ್ದಾರೆ ಅಂತ ಹ್ಯಾಮ್‌ಗಳೇ ಇಂಟರ್ನೆಟ್ಟಿನಲ್ಲಿ ಸುದ್ದಿ ಹಾಕೋ ಕ್ಲಸ್ಟರ್‌ನಿಂದ ನೋಡಿಕೊಂಡರೆ ಅಸಿಸ್ಟೆಡ್. ನೋಡದಿದ್ದರೆ ಬರೀ ಸಿಂಗಲ್ ಆಪರೇಟರ್. ಕ್ಲಾಸಿಕ್ ಅಂತ ಇನ್ನೊಂದಿದೆ: ಒಂದೇ ರೇಡಿಯೊ, ಕ್ಲಸ್ಟರ್ ಇಲ್ಲ, 48ರಲ್ಲಿ 24 ಗಂಟೆ ಮಾತ್ರ. ನಾನು ಅದನ್ನೇ ತಗೊಂಡಿದ್ದೀನಿ. ಡಯಲ್ ತಿರುಗಿಸಿ ನಾನೇ ಹುಡುಕ್ತೀನಿ.

ಮೇಷ್ಟ್ರು: ಕ್ಲಸ್ಟರ್ ಬೇಡ ಅಂದದ್ದು ಒಳ್ಳೇದಾಯ್ತು. ಒಬ್ಬರು ತಪ್ಪು ಕಾಲ್‌ಸೈನ್ ಹಾಕಿದರೆ ನೂರು ಜನ ಅದನ್ನೇ ಕ್ಲಿಕ್ ಮಾಡಿ, ಅದನ್ನೇ ಬರೆದುಕೊಂಡು ಹೋಗ್ತಾರೆ. ಆದರೆ ಕ್ಲಾಸಿಕ್‌ನಲ್ಲೂ ಈ ಪಟ್ಟಿ ಇಟ್ಟುಕೊಳ್ಳಬಹುದಲ್ಲ?

ಹುಡುಗಿ: ಇಟ್ಟುಕೊಳ್ಳಬಹುದು. ಅದು ಯಾರು ಎಲ್ಲಿದ್ದಾರೆ ಅಂತ ಹೇಳಲ್ಲ.

ಮೇಷ್ಟ್ರು: ಯಾಕೆ ಇಷ್ಟು ಹಿಡೀತೀನಿ ಅಂತ ನಿನಗೆ ಅನ್ನಿಸಬಹುದು. 1978ರ ನಮ್ಮ ನಿಯಮ ಲಾಗನ್ನ ಬೈಂಡ್ ಮಾಡಿದ ಪುಸ್ತಕದಲ್ಲೇ ಬರೀಬೇಕು, ಬಿಡಿ ಹಾಳೆ ಕೂಡದು ಅಂದಿತ್ತು. ಬರೆದದ್ದು ಬರೆದ ಹಾಗೇ ಇರಬೇಕು ಅಂತ ನಾನು ಅದನ್ನ ಅರ್ಥಮಾಡಿಕೊಂಡೆ. ಇನ್ನೊಂದು ಕಾರಣ ಅಂಡಮಾನ್. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಕಾಲ್‌ಸೈನ್‌ನಲ್ಲಿ ಜಗತ್ತಿನ ಹ್ಯಾಮ್‌ಗಳ ಜೊತೆ ಮಾತಾಡ್ತಿತ್ತು, ಇದೇ ಥರ ಚುಟುಕು ಮಾತು, ಒಬ್ಬರ ಹಿಂದೆ ಒಬ್ಬರು. 26ಕ್ಕೆ ಸುನಾಮಿ ಬಂತು. ಅದೇ ರೇಡಿಯೊಗಳು ಬದುಕಿದವರ ಸುದ್ದಿ ದಾಟಿಸೋ ಕೆಲಸಕ್ಕೆ ನಿಂತವು. ಕಾಣೆಯಾದವರ ಹೆಸರಿಗೆ ಯಾವ ಸೂಪರ್ ಚೆಕ್ ಪಾರ್ಷಿಯಲ್ ಇರುತ್ತೆ ಹೇಳು? ಅಲ್ಲಿ ಅಕ್ಷರ ಅಕ್ಷರವೂ ಕಿವಿಯಿಂದಲೇ ಬರಬೇಕು.

ಹುಡುಗಿ: ಅದೇ ದಿನ ಯಾವ ಸಂದೇಶ ಎಷ್ಟು ಹೊತ್ತಿಗೆ ಬಂತು, ಯಾವುದು ಮುಟ್ಟಿತು, ಯಾವುದು ಇನ್ನೂ ಹೋಗಿಲ್ಲ ಅಂತ ಇಟ್ಟುಕೊಳ್ಳೋಕೆ ಸಾಫ್ಟ್‌ವೇರ್ ಬೇಕು. ಸುಸ್ತಾದ ಮನುಷ್ಯ ಅದನ್ನ ಕಾಗದದಲ್ಲಿ ಕಳೀತಾನೆ.

ಮೇಷ್ಟ್ರು: ಕರೆಂಟ್ ಹೋದರೆ?

ಹುಡುಗಿ: ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ರಿಗ್ ಕೂಡ ಬ್ಯಾಟರಿ ಮೇಲೆ ಓಡುತ್ತೆ. ನಿಜವಾದ ತೊಂದರೆ ಬೇರೆ ಇದೆ. 15 ಮೀಟರ್‌ನಲ್ಲಿ ಟ್ರಾನ್ಸ್‌ಮಿಟ್ ಮಾಡಿದರೆ ಯುಎಸ್‌ಬಿ ಕೇಬಲ್ಲಿಗೆ ಆರ್‌ಎಫ್ ಹೋಗಿ ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತಿತ್ತು. ನೋಡಿ, ಎರಡೂ ತುದಿಗೆ ಫೆರೈಟ್ ರಿಂಗ್ ಹಾಕಿ ಕೇಬಲನ್ನ ಏಳೆಂಟು ಸುತ್ತು ಸುತ್ತಿದ್ದೀನಿ.

ಮೇಷ್ಟ್ರು: (ರಿಂಗನ್ನು ಬೆರಳಲ್ಲಿ ತಿರುಗಿಸಿ ನೋಡುತ್ತ) ಅಚ್ಚುಕಟ್ಟಾಗಿದೆ. ಪಕ್ಕದಲ್ಲಿ ಒಂದು ಪುಸ್ತಕ, ಪೆನ್ಸಿಲೂ ಇಟ್ಟುಕೊಂಡಿರು.

ಹುಡುಗಿ: ಇಟ್ಟಿದ್ದೀನಿ. ಈಗ ಪಟ್ಟಿಯ ವಿಷಯ ಮುಗಿಸೋಣ ಸರ್. ಶನಿವಾರ ಪೂರ್ತಿ ಆ ವಿಂಡೋ ತೆರೆದಿಡ್ತೀನಿ, ಭಾನುವಾರ ಮುಚ್ಚಿಡ್ತೀನಿ. ಲಾಗ್ ತಾಳೆ ಹಾಕಿದ ವರದಿ ಬಂದಾಗ ಯಾವ ದಿನ ತಪ್ಪು ಹೆಚ್ಚು ಅಂತ ನೋಡೋಣ.

ಮೇಷ್ಟ್ರು: ಅದು ಪ್ರಯೋಗವೇ ಅಲ್ಲ. ಭಾನುವಾರ ನಿನಗೆ ಸುಸ್ತಿರುತ್ತೆ. ಜೋರಾಗಿ ಕೇಳೋ ಸ್ಟೇಷನ್‌ಗಳೆಲ್ಲ ಶನಿವಾರವೇ ಮುಗಿದಿರುತ್ತವೆ, ಉಳಿಯೋದು ಸಣ್ಣ ಸಿಗ್ನಲ್‌ಗಳು. ತಪ್ಪು ಹೆಚ್ಚಾದರೆ ಪಟ್ಟಿ ಇಲ್ಲದ್ದಕ್ಕೋ, ಇವುಗಳಿಂದಲೋ ಹೇಗೆ ಹೇಳ್ತೀಯ? ಗಂಟೆಗೊಮ್ಮೆ ಬದಲಾಯಿಸು. ಒಂದು ಗಂಟೆ ಪಟ್ಟಿ ಇಟ್ಟುಕೊಂಡು, ಒಂದು ಗಂಟೆ ಬಿಟ್ಟು.

ಹುಡುಗಿ: ಸರಿ, ಹಾಗೇ ಮಾಡ್ತೀನಿ. ವಲಯ ತಾನಾಗಿ ತುಂಬೋದು ಎರಡರಲ್ಲೂ ಬೇಡ. ವರದಿ ಪಟ್ಟಿಯ ಕಡೆ ಬಂದರೆ ಒಪ್ತೀರಾ?

ಮೇಷ್ಟ್ರು: ಇಲ್ಲಮ್ಮ. ತಪ್ಪು ಕಡಿಮೆ ಅಂತ ಗೊತ್ತಾಗುತ್ತೆ ಅಷ್ಟೇ. ನೀನು ಕೇಳಿದ್ದು ಎಷ್ಟು ಅನ್ನೋದನ್ನ ಆ ವರದಿ ಹೇಳಲ್ಲ.

ಹುಡುಗಿ: ನನ್ನ ವಿರುದ್ಧ ಬಂದರೆ ನಾನಂತೂ ಆ ವಿಂಡೋ ಮುಚ್ಚಿಬಿಡ್ತೀನಿ. ಮೊದಲ ಗಂಟೆ ಯಾವುದು ಹೇಳಿ.

ಮೇಷ್ಟ್ರು: ಪಟ್ಟಿ ಇಲ್ಲದ್ದು. 5.30ಕ್ಕೆ ಇಲ್ಲಿ ಇನ್ನೂ ಕತ್ತಲೆ, ಯುರೋಪಿನಲ್ಲಿ ನಡುರಾತ್ರಿ, 40 ಮೀಟರ್ ತೆರೆದಿರುತ್ತೆ. ಅಲ್ಲಿಂದ ಶುರುಮಾಡು. ನಾನು ಐದಕ್ಕೇ ಬರ್ತೀನಿ, ಗೇಟ್ ಬೀಗ ತೆಗೆದಿರು.